ಕೆಳಗಿನ ಮನೆಯ ಬಿದಿರುಕೋಲು

ನಮ್ಮ ಚೌಳಹಿರಿಯೂರಿನ ಕಡೆ ಜಗಳ ಹುಟ್ಟುವುದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಒಂದು ತೆಂಗಿನ ಮರ ಸಾಕು. ಬದುವಿನ ಮೇಲಿನ ಮರ ವರ್ಷದಿಂದ ವರ್ಷಕ್ಕೆ ಪಕ್ಕದ ತೋಟದ ಕಡೆ ವಾಲುತ್ತದೆ. ಬುಡ ನಮ್ಮದು, ತಲೆ ಅವರದು. ಕಾಯಿ ಬಿದ್ದರೆ ಯಾರಿಗೆ ಸೇರಬೇಕು? ಒಣಗಿದ ಗರಿ ಅವರ ಅಡಿಕೆ ಸಸಿಯ ಮೇಲೆ ಬಿದ್ದರೆ ತಪ್ಪು ಯಾರದು? ಇದೇ ಪ್ರಶ್ನೆಯ ಮೇಲೆ ನಾನೂ ನಮ್ಮ ಪಕ್ಕದ ತೋಟದವರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಹಾಗಾಗಿ ಸಿಂಗಪುರದಲ್ಲಿರುವ ಮಗನ ಮನೆಗೆ ಎರಡು ತಿಂಗಳ ಮಟ್ಟಿಗೆ ಹೊರಟಾಗ ಮನಸ್ಸಿನಲ್ಲೇ ನಿಟ್ಟುಸಿರು ಬಿಟ್ಟಿದ್ದೆ. ಎಂಟನೇ ಮಹಡಿಯ ಫ್ಲ್ಯಾಟು. ಅಲ್ಲಿ ಬದುವಿಲ್ಲ, ಬೇಲಿಯಿಲ್ಲ, ವಾಲುವ ಮರವಿಲ್ಲ. ಬಾಗಿಲು ಹಾಕಿಕೊಂಡರೆ ಪಕ್ಕದವರು ಯಾರು, ನಾವು ಯಾರು! ಹೀಗೆಂದುಕೊಂಡು ವಿಮಾನ ಹತ್ತಿದೆ. ಎಷ್ಟು ತಪ್ಪು ತಿಳಿದಿದ್ದೆ ಎನ್ನುವುದು ಹೋದ ಮೂರನೆಯ ದಿನವೇ ಗೊತ್ತಾಯಿತು.

ಟಕ್ ಟಕ್ ಟಕ್

ಬೆಳಗಿನ ಜಾವ ಐದೂವರೆ. ಸಿಂಗಪುರದಲ್ಲಿ ಶಾಲೆಗಳು ಏಳೂವರೆಗೆಲ್ಲ ಶುರುವಾಗುತ್ತವೆ. ಒಂದನೇ ತರಗತಿಯ ಮೊಮ್ಮಗನಿಗೆ ತಿಂಡಿ, ಡಬ್ಬಿ ಎಲ್ಲ ಅಷ್ಟರೊಳಗೆ ಆಗಬೇಕು. ನನ್ನಾಕೆ ಒಲೆ ಹಚ್ಚಿದಳು. ಕಾಯಿ ಒಡೆದು ತುರಿದುಕೊಡುವುದು ಐವತ್ತು ವರ್ಷದಿಂದ ನನ್ನ ಕೆಲಸ. ಅಡುಗೆಮನೆಯ ನೆಲದ ಮೇಲೆ ಕೂತು ಕಾಯಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಹೋಳು ಮಾಡಿದೆ. ಊರಿನಿಂದ ಹೊತ್ತುಕೊಂಡು ಹೋಗಿದ್ದ ಈಳಿಗೆಮಣೆ ಎಳೆದುಕೊಂಡು ತುರಿಯಲು ಕೂತೆ.

ಆಗ ಕೇಳಿಸಿತು. ಟಕ್, ಟಕ್, ಟಕ್. ನಾನು ಕೂತ ಜಾಗದ ಕೆಳಗಿನಿಂದಲೇ ಯಾರೋ ಕೋಲಿನಿಂದ ತಿವಿದ ಹಾಗೆ.

ಮಗ ನಿದ್ದೆಗಣ್ಣಿನಲ್ಲೇ ಬಂದ. "ಅಪ್ಪ, ಅದು ಕೆಳಗಿನ ಮನೆಯ ಆಂಟಿ. ಬಟ್ಟೆ ಒಣಗಿಸೋ ಬಿದಿರುಕೋಲಿಂದ ಸೂರಿಗೆ ಕುಟ್ಟುತ್ತಾರೆ. ಒಂದು ವರ್ಷದಿಂದ ಇದೇ ಪಾಡು" ಎಂದ.

ಸೊಸೆ ಒಂದು ಲಕೋಟೆ ತಂದು ತೋರಿಸಿದಳು. ಆ ಹೆಂಗಸು ಸಂಬಂಧಪಟ್ಟ ಕಚೇರಿಗೆ ದೂರು ಕೊಟ್ಟಿದ್ದಳು. ಮಗನೂ ಸುಮ್ಮನಿರಲಿಲ್ಲ. ಅವಳು ತನ್ನ ಬಾಗಿಲ ಮುಂದೆ ಡಬ್ಬದಲ್ಲಿ ಕಾಗದ ಸುಡುತ್ತಾಳೆ, ಹೊಗೆ, ಬೂದಿ ನಮ್ಮ ಮನೆಗೆ ನುಗ್ಗುತ್ತದೆ ಎಂದು ಎದುರು ದೂರು ಬರೆದಿದ್ದ. "ನಮ್ಮ ದುಡ್ಡು, ನಮ್ಮ ಮನೆ. ನಮ್ಮ ಮನೆಯಲ್ಲಿ ನಾವು ಓಡಾಡಬಾರದಾ?" ಎಂದು ಅವನ ವಾದ. ಅಷ್ಟು ಹೊತ್ತಿಗೆ ಮೊಮ್ಮಗ ಎದ್ದು ಬಂದ. ಮನೆಯ ಒಳಗೆ ತುದಿಗಾಲಿನಲ್ಲಿ ನಡೆದು ಬಂದ. ಆಟಕ್ಕೋ ಎಂದು ನೋಡಿದೆ. ಆಟವಲ್ಲ, ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು.

ರಾತ್ರಿ ನನ್ನ ಪಕ್ಕದಲ್ಲಿ ಮಲಗಿ ಮೆಲ್ಲಗೆ ಕೇಳಿದ, "ತಾತ, ನಾವು ಕೆಟ್ಟವರಾ?"

ಆ ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ದೂರು ಯಾರದು ಸರಿ, ಯಾರದು ತಪ್ಪು ಎನ್ನುವುದು ಒಂದು ಕಡೆ ಇರಲಿ. ಏಳು ವರ್ಷದ ಮಗು ತನ್ನ ಮನೆಯಲ್ಲೇ ಕಳ್ಳನ ಹಾಗೆ ನಡೆಯುತ್ತಿದೆ ಎಂದರೆ ಅದು ಮನೆಯೇ?

ಬಿಟ್ಟು ಹೋಗಲಾಗದ ಮನೆ

ಸಿಂಗಪುರದ ಮನೆಗಳ ವಿಷಯ ಸ್ವಲ್ಪ ಹೇಳಬೇಕು. ಅಲ್ಲಿ 1960ರಲ್ಲಿ ಸರ್ಕಾರ ಒಂದು ವಸತಿ ಮಂಡಳಿ ಮಾಡಿತು. ಎಚ್‌ಡಿಬಿ ಎಂದು ಕರೆಯುತ್ತಾರೆ. ಆ ದೇಶದ ನಿವಾಸಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಈ ಮಂಡಳಿ ಕಟ್ಟಿದ ಬಹುಮಹಡಿ ಮನೆಗಳಲ್ಲೇ ಇದ್ದಾರೆ. ಹೆಚ್ಚಿನವರು ಬಾಡಿಗೆಯವರಲ್ಲ, ಕೊಂಡವರು. ಕೊಂಡರೂ ಅದು 99 ವರ್ಷದ ಗುತ್ತಿಗೆ. ನಮ್ಮ ಮಗನ ಹಾಗೆ ಕಾಯಂ ನಿವಾಸಿಯಾದವರು ಹೊಸ ಮನೆಗೆ ಅರ್ಜಿ ಹಾಕುವಂತಿಲ್ಲ. ಕಾಯಂ ನಿವಾಸ ಸಿಕ್ಕಿ ಮೂರು ವರ್ಷವಾದ ಮೇಲೆ, ಬೇರೆಯವರು ಮಾರುವ ಮನೆಯನ್ನು ಕೊಳ್ಳಬಹುದು. ಕೊಂಡ ಮೇಲೆ ಐದು ವರ್ಷ ಅದರಲ್ಲೇ ವಾಸವಿರಬೇಕು, ಮಾರುವ ಹಾಗಿಲ್ಲ.

ಬಾಡಿಗೆಯವನಿಗೆ ನೆರೆ ಹಿಡಿಸದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಮನೆ ನೋಡಬಹುದು. ಮನೆ ಕೊಂಡವನಿಗೆ ಆ ದಾರಿಯಿಲ್ಲ. ಸಾಲದ ಕಂತು ನಡೆಯುತ್ತಿರುತ್ತದೆ, ಮಗುವಿನ ಶಾಲೆ ಹತ್ತಿರವಿರುತ್ತದೆ. ಕೆಳಗಿನ ಮನೆಯವಳೂ ಹಾಗೆಯೇ, ಅವಳದೂ ಸ್ವಂತ ಮನೆ. ನಮ್ಮ ನೆಲವೇ ಅವಳ ಸೂರು. ಒಂದೇ ಹಲಗೆಯನ್ನು ಎರಡು ಕಡೆಯಿಂದ ಹಿಡಿದುಕೊಂಡ ಹಾಗೆ.

ಇನ್ನೊಂದು ವಿಶೇಷವಿದೆ. ಚೀನಿಯರು, ಮಲಯರು, ಭಾರತೀಯರು ಬೇರೆ ಬೇರೆ ಕೇರಿ ಮಾಡಿಕೊಳ್ಳಬಾರದೆಂದು 1989ರಿಂದ ಪ್ರತಿ ಕಟ್ಟಡದಲ್ಲೂ ಯಾವ ಸಮುದಾಯದವರು ಎಷ್ಟು ಮಂದಿ ಇರಬಹುದೆಂಬ ಮಿತಿ ಇಟ್ಟಿದ್ದಾರೆ. ಅದರಿಂದ ಒಂದೇ ವರಾಂಡದಲ್ಲಿ ಮೂರು ಅಡುಗೆಯ ವಾಸನೆ, ನಾಲ್ಕು ಭಾಷೆ, ಐದು ಹಬ್ಬ. ನೋಡಲು ಚೆಂದ. ಆದರೆ ಒಬ್ಬರ ಹಬ್ಬ ಇನ್ನೊಬ್ಬರಿಗೆ ಗದ್ದಲ, ಒಬ್ಬರ ಘಮ ಇನ್ನೊಬ್ಬರಿಗೆ ವಾಸನೆ.

ಒಂದು ವಾರದ ಲೆಕ್ಕ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ತಾಳೆಯಾಗದಿದ್ದರೆ ಯಾರನ್ನೂ ಬೈಯುವುದಕ್ಕೆ ಮೊದಲು ಪುಸ್ತಕ ನೋಡು ಎಂದು ಕಲಿತವನು. ಮೊಮ್ಮಗನ ಹಳೇ ನೋಟುಪುಸ್ತಕದಲ್ಲಿ ಎರಡು ಕಲಮು ಗೆರೆ ಎಳೆದೆ. ಎಡಕ್ಕೆ ಕೆಳಗಿನಿಂದ ಕುಟ್ಟಿದ ಹೊತ್ತು, ಬಲಕ್ಕೆ ಆಗ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎನ್ನುವುದು. ಒಂದು ವಾರ ತಪ್ಪದೆ ಬರೆದೆ. ಗಡಿಯಾರ ನೋಡುವ ಕೆಲಸ ಮೊಮ್ಮಗನದು. ಹೆದರಿಕೆ ಹೋಗಿ ಅವನಿಗೆ ಅದೊಂದು ಪತ್ತೇದಾರಿಕೆಯಾಯಿತು.

ವಾರದ ಕೊನೆಗೆ ಕೂಡಿಸಿದೆವು. ಒಟ್ಟು 14 ಸಲ ಕುಟ್ಟಿದ್ದಳು. ಮೊಮ್ಮಗ ಓಡಿದಾಗ, ಚೆಂಡು ಪುಟಿಸಿದಾಗ ಮೂರು ಸಲ. ಮನೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದಾಗ ಒಂದು ಸಲ. ಬೆಳಗಿನ ಐದೂವರೆಯ ಆಸುಪಾಸು, ನಾನು ಕಾಯಿ ಕುಟ್ಟುವಾಗ ಮತ್ತು ತುರಿಯುವಾಗ, ಆರು ಸಲ. ಉಳಿದ ನಾಲ್ಕು ರಾತ್ರಿ ಹನ್ನೊಂದೂವರೆಯ ನಂತರ.

ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ? ಊರಿಗೆ ಫೋನು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ನಮ್ಮೂರಿನಲ್ಲಿ ಊಟದ ಹೊತ್ತು, ರಾತ್ರಿ ಒಂಬತ್ತು ಎಂದರೆ ಅಲ್ಲಿ ಹನ್ನೊಂದೂವರೆ. ಸ್ಪೀಕರ್ ಹಾಕಿಕೊಂಡು, ಕಿಟಕಿ ತೆರೆದುಕೊಂಡು, ಬೋರ್‌ವೆಲ್‌ನಲ್ಲಿ ನೀರು ಬಂತೇ, ಅರಸೀಕೆರೆಯಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತು ಎಂದು ಅರಚುತ್ತಿದ್ದೆ.

ಹದಿನಾಲ್ಕರಲ್ಲಿ ಹತ್ತು ನನ್ನ ಖಾತೆಗೆ! ಸಿಂಗಪುರದಲ್ಲಿ ರಾತ್ರಿ 10.30ರಿಂದ ಬೆಳಿಗ್ಗೆ 7ರವರೆಗೆ ಸದ್ದು ಮಾಡಬೇಡಿ ಎಂದು ವಸತಿ ಮಂಡಳಿ ಬಹಳ ಕಾಲದಿಂದ ಹೇಳುತ್ತ ಬಂದಿದೆ ಎಂಬುದೂ ಆಗಲೇ ತಿಳಿಯಿತು. ಕಷ್ಟದ ನೆರೆಯವರು ಯಾರು ಎಂದು ಹುಡುಕಲು ಹೊರಟವನಿಗೆ ಪುಸ್ತಕ ನನ್ನ ಕಡೆಯೇ ಬೆರಳು ತೋರಿಸಿತು.

ಮಗನ ಮುಖ ನೋಡಲು ನಾಚಿಕೆಯಾಯಿತು. ಆದರೂ ಹೇಳಿದೆ. ಅವನು ನಕ್ಕ. "ನೀವು ಬಂದಿರೋದು ಈಗ ಅಪ್ಪ. ನೀವು ಬರೋಕೆ ಮುಂಚೆ ಒಂದು ವರ್ಷ ಕುಟ್ಟಿದ್ದು ಯಾಕೆ?" ಎಂದ. ಅದೂ ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ನಮ್ಮ ಪುಸ್ತಕದಲ್ಲಿರಲಿಲ್ಲ, ಕೆಳಗಿನ ಮನೆಯಲ್ಲಿತ್ತು.

ಸದ್ದು ಹೇಗೆ ಇಳಿಯುತ್ತದೆ?

ಮಕ್ಕಳೇ, ಇಲ್ಲೊಂದು ಪ್ರಯೋಗ ಮಾಡಿ. ಉದ್ದನೆಯ ಮರದ ಮೇಜಿನ ಒಂದು ತುದಿಗೆ ಕಿವಿ ಒತ್ತಿ ಕೂತುಕೊಳ್ಳಿ. ಇನ್ನೊಂದು ತುದಿಯಲ್ಲಿ ಗೆಳೆಯ ಉಗುರಿನಿಂದ ಮೆಲ್ಲಗೆ ಕೆರೆಯಲಿ. ಕಿವಿ ಎತ್ತಿದರೆ ಕೇಳಿಸದ ಸದ್ದು, ಒತ್ತಿದರೆ ಎಷ್ಟು ಜೋರು! ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕಾಂಕ್ರೀಟಿನಂಥ ಗಟ್ಟಿ ವಸ್ತುವಿನಲ್ಲಿ 3000 ಮೀಟರಿಗೂ ಹೆಚ್ಚು.

ಮನೆಯ ಸದ್ದಿನಲ್ಲಿ ಎರಡು ಜಾತಿ. ಮಾತು, ಹಾಡು, ಟೀವಿ ಇವು ಗಾಳಿಯ ಸದ್ದು. ಗೋಡೆ ದಪ್ಪವಿದ್ದರೆ, ಕಿಟಕಿ ಮುಚ್ಚಿದರೆ ಬಹುಪಾಲು ತಡೆಯಬಹುದು. ಕುಟ್ಟುವುದು, ಕುರ್ಚಿ ಎಳೆಯುವುದು, ಹಿಮ್ಮಡಿ ಊರಿ ಓಡುವುದು ಇವು ಪೆಟ್ಟಿನ ಸದ್ದು. ಇವು ನೇರ ನೆಲಕ್ಕೆ ಸೇರಿ, ಗೋಡೆ ಕಂಬಗಳಲ್ಲಿ ಹರಿದು, ಎಲ್ಲೆಲ್ಲೋ ಹೋಗಿ ಕೇಳಿಸುತ್ತವೆ. ಇದನ್ನು ತಡೆಯಲು ಗೋಡೆಯಿಂದ ಆಗುವುದಿಲ್ಲ, ಪೆಟ್ಟು ಬೀಳುವ ಜಾಗದಲ್ಲೇ ಮೆತ್ತನೆಯದೇನಾದರೂ ಹಾಸಬೇಕು.

ಸಿಂಗಪುರದ ಮಕ್ಕಳು ಹೇಳುವ ಒಂದು ಮಾತು ಕೇಳಿ. ರಾತ್ರಿ ಮೇಲಿನ ಮನೆಯಲ್ಲಿ ಗೋಲಿ ಉರುಳುವ ಸದ್ದು ಕೇಳುತ್ತದಂತೆ. ಮೇಲೆ ಹೋಗಿ ನೋಡಿದರೆ ಅಲ್ಲಿ ಗೋಲಿಯೂ ಇಲ್ಲ, ಆಡುವ ಮಗುವೂ ಇಲ್ಲ! ಕೆಲವರು ದೆವ್ವದ ಕತೆ ಕಟ್ಟಿದ್ದಾರೆ. ಗೋಡೆಯೊಳಗಿನ ಕೊಳವೆಯಲ್ಲಿ ನೀರಿನ ಒತ್ತಡ ತಟ್ಟನೆ ಬದಲಾದಾಗ ಇಂಥ ಸದ್ದಾಗುತ್ತದೆ ಎಂದು ತಿಳಿದವರು ವಿವರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಯಾರೂ ಸದ್ದು ಮಾಡದಿದ್ದಾಗ ಬಿದ್ದ ಆ ಒಂದು ಪೆಟ್ಟಿಗೂ ಇಂಥದ್ದೇ ಕಾರಣವಿದ್ದೀತು. ಸದ್ದು ಮೇಲಿನಿಂದ ಬಂದ ಹಾಗೆ ಕೇಳಿದರೂ ಮೇಲಿನವರೇ ಮಾಡಿದ್ದು ಎನ್ನಲಾಗದು.

ಸಾರು ಕಾಯಿಸಿದ ಭಾನುವಾರ

ಮಗ ವಕೀಲರನ್ನು ನೋಡುವ ಮಾತಾಡುತ್ತಿದ್ದ. ಆಗ ಸೊಸೆ, "ಮಾವ, ಇಲ್ಲಿ ಒಂದು ಸಾರಿನ ಜಗಳ ಆಗಿತ್ತು ಗೊತ್ತಾ?" ಎಂದು ಒಂದು ನಿಜ ಸಂಗತಿ ಹೇಳಿದಳು. ಆ ದೇಶದಲ್ಲಿ ಅದು ಎಲ್ಲರಿಗೂ ಗೊತ್ತಿರುವ ಕತೆ.

ಚೀನಾದಿಂದ ಹೊಸದಾಗಿ ಬಂದು ನೆಲೆಸಿದ ಒಂದು ಕುಟುಂಬ. ಪಕ್ಕದಲ್ಲಿ ಭಾರತೀಯ ಮೂಲದ ಕುಟುಂಬ. ಇವರ ಮನೆಯ ಮಸಾಲೆ ಸಾರಿನ ವಾಸನೆ ಅವರಿಗೆ ತಡೆಯದು. ವಿಷಯ ಸಮುದಾಯ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಯಿತು. ಎರಡು ಮನೆಯವರೂ ಕೂತು ಒಂದು ಒಪ್ಪಂದಕ್ಕೆ ಬಂದರು. ಚೀನಿ ಕುಟುಂಬ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಇವರು ಸಾರು ಮಾಡುವುದು, ಅವರೂ ಒಮ್ಮೆ ಆ ಸಾರಿನ ರುಚಿ ನೋಡುವುದು.

ಇದು ನಡೆದು ಕೆಲವು ವರ್ಷಗಳ ಮೇಲೆ, 2011ರ ಆಗಸ್ಟ್‌ನಲ್ಲಿ, ಪತ್ರಿಕೆಯೊಂದರಲ್ಲಿ ಬಂತು. ಜನ ಸಿಟ್ಟಿಗೆದ್ದರು. ನಮ್ಮ ದೇಶದ ಅಡುಗೆಯನ್ನು ಕದ್ದು ಮಾಡಬೇಕೇ ಎಂದರು. ಆದರೆ ಸಿಟ್ಟು ತೋರಿಸಿದ ರೀತಿ ನೋಡಿ. ಆಗಸ್ಟ್ 21ರ ಭಾನುವಾರ ಎಲ್ಲರೂ ಮನೆಯಲ್ಲಿ ಸಾರು ಮಾಡಿ ಹಂಚಿಕೊಳ್ಳೋಣ ಎಂದು ಕರೆ ಕೊಟ್ಟರು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಒಪ್ಪಿದರು. ಚೀನಿಯರು, ಮಲಯರು, ಭಾರತೀಯರು ಎಲ್ಲರ ಮನೆಯಲ್ಲೂ ಸಾರು! ಆಗಿನ ಕಾನೂನು ಸಚಿವ ಕೆ. ಷಣ್ಮುಗಂ ಅವರು, ಆ ಒಪ್ಪಂದ ಮಧ್ಯಸ್ಥರು ಹೇರಿದ್ದಲ್ಲ, ಎರಡು ಮನೆಯವರು ತಾವೇ ಮಾಡಿಕೊಂಡದ್ದು ಎಂದು ವಿವರಿಸಬೇಕಾಯಿತು.

ನನಗೆ ಈ ಕತೆಯಲ್ಲಿ ಹಿಡಿಸಿದ್ದು ಊರೆಲ್ಲ ಸಾರು ಕಾಯಿಸಿದ್ದಕ್ಕಿಂತ ಆ ಒಪ್ಪಂದದ ಎರಡನೆಯ ಸಾಲು. 'ನಾವೂ ರುಚಿ ನೋಡುತ್ತೇವೆ' ಎಂದರಲ್ಲ, ಅದು. ಪತ್ರಿಕೆ ಓದಿದವರು ಸಿಟ್ಟಾದರು, ಗೋಡೆ ಹಂಚಿಕೊಂಡವರು ಮಾತಾಡಿಕೊಂಡರು. ಮರುದಿನ ಒಂದೇ ಲಿಫ್ಟಿನಲ್ಲಿ ಇಳಿಯಬೇಕಾದವರು ಅವರು ತಾನೆ?

ಬಾಗಿಲು ತಟ್ಟಿದ್ದು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನಾನೂ ಮೊಮ್ಮಗನೂ ಮಾತ್ರ ಕೆಳಗಿಳಿದೆವು. ಮನೆಮಂದಿಯೆಲ್ಲ ಹೋದರೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ಕುಟ್ಟಿದ ಕೂಡಲೇ ಹೋದರೂ ಹಾಗೆಯೇ. ನನ್ನಾಕೆ ಒಂದು ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಹಾಕಿಕೊಟ್ಟಿದ್ದಳು. ದೂರಿನ ಪತ್ರವಾಗಲಿ, ನನ್ನ ಲೆಕ್ಕದ ಪುಸ್ತಕವಾಗಲಿ ಒಯ್ಯಲಿಲ್ಲ.

ಬಾಗಿಲು ತೆರೆದದ್ದು ಹತ್ತು ವರ್ಷದ ಹುಡುಗಿ. ಹಿಂದೆ ಅಜ್ಜಿ ನಿಂತಿದ್ದಳು. ನಾನು ಅಂದುಕೊಂಡಿದ್ದ ರಾಕ್ಷಸಿ ಅವಳಲ್ಲ. ನನ್ನಾಕೆಯಷ್ಟೇ ವಯಸ್ಸು, ಸಣ್ಣ ಆಳು, ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳುಗಳು. ಅವಳಿಗೆ ಚೀನಿ ಬಿಟ್ಟರೆ ನಾಲ್ಕು ಮಾತು ಇಂಗ್ಲಿಷು. ನನಗೆ ಕನ್ನಡದ ಜೊತೆ ಬ್ಯಾಂಕಿನ ಇಂಗ್ಲಿಷು. ನಡುವೆ ಎರಡು ಮಕ್ಕಳೇ ದುಭಾಷಿಗಳಾದರು. ನಾನು ಮೊಮ್ಮಗನಿಗೆ ಕನ್ನಡದಲ್ಲಿ, ಅವನು ಆ ಹುಡುಗಿಗೆ ಇಂಗ್ಲಿಷಿನಲ್ಲಿ, ಅವಳು ಅಜ್ಜಿಗೆ ಚೀನಿಯಲ್ಲಿ. ಬೈಗುಳ ಇದ್ದರೂ ಇಷ್ಟು ದೂರ ಬರುವಷ್ಟರಲ್ಲಿ ಸವೆದು ಹೋಗುತ್ತಿತ್ತು!

ಮೊದಲು ನಾನೇ ಹೇಳಿದೆ, "ಬೆಳಿಗ್ಗೆ ಕಾಯಿ ಕುಟ್ಟುವವನು ನಾನೇ. ನಿಮಗೆ ತೊಂದರೆಯಾಗಿದೆ. ತಪ್ಪಾಯಿತು."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಾತು ಹರಿಯಿತು. ಅವಳು ಒಂದು ಹೋಟೆಲು ಸಂಕೀರ್ಣದಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಹೋಗುತ್ತಾಳೆ. ಸಂಜೆಯ ಪಾಳಿ. ಮನೆ ಸೇರುವಾಗ ಹನ್ನೊಂದು, ಮಲಗುವಾಗ ಒಂದು. ನಿದ್ದೆ ಹತ್ತಿ ನಾಲ್ಕು ಗಂಟೆಯಾಗುವಷ್ಟರಲ್ಲಿ ತಲೆಯ ಮೇಲೆ ಧಡ್ ಎನ್ನುತ್ತದೆ. ನಾನು ಬರುವ ಮುಂಚೆ ಆ ಹೊತ್ತಿಗೆ ಸೊಸೆ ಮಿಕ್ಸಿಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು ತಿರುಗಿಸುತ್ತಿದ್ದಳು, ಊಟದ ಮೇಜಿನ ಕುರ್ಚಿಗಳನ್ನು ಎಳೆಯುತ್ತಿದ್ದರು. ಇನ್ನೊಂದು ದೂರನ್ನು ನಾವು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲಿ ಕಿಟಕಿಯಾಚೆ ಬಿದಿರುಕೋಲು ಚಾಚಿ ಬಟ್ಟೆ ಹರವುತ್ತಾರೆ. ನನ್ನಾಕೆ ಹಿಂಡದೆ ಹರವಿದ ಆರು ಗಜದ ಸೀರೆ ಅವಳ ಕಿಟಕಿಗೆ ಪರದೆಯಾಗಿ ಇಳಿದು, ಒಣಗಿದ ಬಟ್ಟೆಯ ಮೇಲೆಲ್ಲ ನೀರು ಸುರಿಸುತ್ತಿತ್ತಂತೆ!

ನಾನು ಹೊಗೆಯ ಮಾತೆತ್ತಿದೆ. ಅದು ಅವರ ಪಂಚಾಂಗದ ಏಳನೆಯ ತಿಂಗಳು. ಗತಿಸಿದ ಹಿರಿಯರು ಆಗ ಮನೆಗೆ ಬರುತ್ತಾರೆಂದು ಚೀನಿಯರ ನಂಬಿಕೆ. ಅವರಿಗೆ ಎಡೆ ಇಟ್ಟು, ಊದುಬತ್ತಿ ಹಚ್ಚಿ, ಕಾಗದದ ಹಣ, ಕಾಗದದ ಬಟ್ಟೆ ಸುಟ್ಟು ಕಳಿಸುತ್ತಾರೆ. ಹುಡುಗಿ ಇದನ್ನು ಹೇಳುತ್ತಿದ್ದಾಗ ನನಗೆ ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಯಿತು. ನಾವೂ ಹಿರಿಯರಿಗೆ ಎಡೆ ಇಡುತ್ತೇವಲ್ಲ. ಅದನ್ನು ಹೇಳಿದೆ. ಅಜ್ಜಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

ಅಲ್ಲೇ ನಿಂತು ಕೆಲವು ಮಾತಾಯಿತು. ಕಾಯಿಯನ್ನು ಹಿಂದಿನ ಸಂಜೆಯೇ ಒಡೆದು ತುರಿದು ಫ್ರಿಜ್‌ನಲ್ಲಿಡುವುದು. ಮಿಕ್ಸಿಯ ಕೆಳಗೆ ದಪ್ಪ ಬಟ್ಟೆ, ಕುರ್ಚಿಯ ಕಾಲಿಗೆ ಮೆತ್ತೆ, ಮೊಮ್ಮಗ ಆಡುವ ಕಡೆ ರಬ್ಬರ್ ಚಾಪೆ. ರಾತ್ರಿ ಫೋನು ಕಿಟಕಿ ಮುಚ್ಚಿಕೊಂಡು. ಸೀರೆ ಯಂತ್ರದಲ್ಲಿ ಹಿಂಡಿದ ಮೇಲೆಯೇ ಹೊರಗೆ. ಮೊಮ್ಮಗ ರಾತ್ರಿ ಒಂಬತ್ತರವರೆಗೆ ಆಡಬಹುದು, ಅಷ್ಟರೊಳಗೆ ಅವಳು ಕುಟ್ಟುವುದಿಲ್ಲ. ಕಾಗದವನ್ನು ಕೆಳಗೆ ಅದಕ್ಕೆಂದೇ ಇಟ್ಟಿರುವ ತೊಟ್ಟಿಯಲ್ಲಿ ಸುಡುವುದು.

ಪವಾಡವೇನೂ ನಡೆಯಲಿಲ್ಲ. ಅವಳು ದೂರು ವಾಪಸು ಪಡೆಯಲಿಲ್ಲ, ಮಿಠಾಯಿ ಹೇಗಿತ್ತೆಂದೂ ಹೇಳಲಿಲ್ಲ. ಮುಂದಿನ ಐದು ವಾರದಲ್ಲಿ ನಾಲ್ಕು ಸಲ ಕೋಲು ಸದ್ದು ಮಾಡಿತು. ಎರಡು ಸಲ ತಪ್ಪು ನಮ್ಮದೇ. ವಾರಕ್ಕೆ 14 ಇದ್ದದ್ದು ಐದು ವಾರಕ್ಕೆ 4. ಗುಮಾಸ್ತನಿಗೆ ಅದು ಸಣ್ಣ ಲಾಭವಲ್ಲ. ಎಲ್ಲಕ್ಕಿಂತ ದೊಡ್ಡ ಲಾಭ, ಮೊಮ್ಮಗ ಮನೆಯಲ್ಲಿ ಪಾದ ಊರಿ ನಡೆದ. ಲಿಫ್ಟಿನಲ್ಲಿ ಆ ಹುಡುಗಿ ಸಿಕ್ಕರೆ ಇಬ್ಬರೂ ಒಬ್ಬರಿಗೊಬ್ಬರು ಕೈ ಬೀಸುತ್ತಿದ್ದರು.

ಮಾತು ಸೋತರೆ

ಎಲ್ಲರ ಬಾಗಿಲೂ ಹೀಗೆ ತೆರೆಯುವುದಿಲ್ಲ. ಬೇಕೆಂದೇ ಕಾಡುವವರೂ ಇರುತ್ತಾರೆ. ಅಂಥವರಿಗಾಗಿ ಆಯಾ ದೇಶದಲ್ಲಿ ಮೆಟ್ಟಿಲುಗಳಿವೆ. ಸಿಂಗಪುರದಲ್ಲಿ ಸಮುದಾಯ ಮಧ್ಯಸ್ಥಿಕೆ ಕೇಂದ್ರ 1998ರಿಂದ ನಡೆಯುತ್ತಿದೆ. ತರಬೇತಾದ ಸ್ವಯಂಸೇವಕರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ತೀರ್ಪು ಕೊಡುವುದಿಲ್ಲ, ಒಳಗಿನ ಮಾತು ಹೊರಗೆ ಹೋಗುವುದಿಲ್ಲ. ಹಾಗೆ ಎದುರು ಬದುರು ಕೂತವರಲ್ಲಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು ಜಗಳ ಅಲ್ಲೇ ತೀರುತ್ತದೆ. ಕಷ್ಟವೆಂದರೆ ಎದುರು ಕಡೆಯವರು ಬಂದು ಕೂರಬೇಕು.

ಬಾರದಿದ್ದರೆ 2015ರಲ್ಲಿ ಆರಂಭವಾದ ನೆರೆಹೊರೆ ವಿವಾದಗಳ ನ್ಯಾಯಮಂಡಳಿಯಿದೆ. ಅಲ್ಲಿ ಸಾಮಾನ್ಯವಾಗಿ ವಕೀಲರಿಗೆ ಪ್ರವೇಶವಿಲ್ಲ, ನಮ್ಮ ಮಾತು ನಾವೇ ಆಡಬೇಕು. ಸದ್ದು ನಿಲ್ಲಿಸು, ಕ್ಷಮೆ ಕೇಳು ಎಂದು ಮಂಡಳಿ ಆಜ್ಞೆ ಮಾಡಬಹುದು, 20,000 ಸಿಂಗಪುರ ಡಾಲರ್‌ವರೆಗೆ ಪರಿಹಾರ ಕೊಡಿಸಬಹುದು. ಪದೇ ಪದೇ ಮೀರಿದವರನ್ನು ಕೆಲಕಾಲ ಅವರ ಸ್ವಂತ ಮನೆಯಿಂದಲೇ ಹೊರಗಿಡುವ ಅಧಿಕಾರವೂ ಅದಕ್ಕಿದೆ. 'ನನ್ನ ಮನೆ, ನನ್ನಿಷ್ಟ' ಎನ್ನುವ ಮಾತಿಗೆ ಅಲ್ಲಿ ಇಷ್ಟೇ ಬೆಲೆ. ಇಂಥ ಕಡೆ ಹೋಗುವಾಗ ದಿನಾಂಕ, ಗಂಟೆ ಬರೆದಿಟ್ಟ ಪುಸ್ತಕ ಬಹಳ ಕೆಲಸಕ್ಕೆ ಬರುತ್ತದೆ.

ನಮ್ಮ ಮಕ್ಕಳು ಮನೆ ಕೊಳ್ಳುತ್ತಿರುವ ಇನ್ನೊಂದು ದೇಶ ಜರ್ಮನಿ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಮೌನಕ್ಕೆ ಮರ್ಯಾದೆ. ಭಾನುವಾರ ಗೋಡೆಗೆ ಮೊಳೆ ಹೊಡೆಯುವುದಾಗಲಿ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದಾಗಲಿ ಸಲ್ಲದು. ಅದೇ ದೇಶ 2011ರಲ್ಲಿ ಕಾನೂನಿಗೆ ಒಂದು ತಿದ್ದುಪಡಿ ಮಾಡಿ, ಶಿಶುವಿಹಾರ ಮತ್ತು ಆಟದ ಮೈದಾನದಲ್ಲಿ ಮಕ್ಕಳು ಮಾಡುವ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಗದ್ದಲವೆಂದು ಎಣಿಸಬಾರದು ಎಂದಿತು. ಮಕ್ಕಳ ನಗು ಯಂತ್ರದ ಗದ್ದಲವಲ್ಲ ಎನ್ನಲು ಕಾನೂನೇ ಬೇಕಾಯಿತು ನೋಡಿ!

ನಮ್ಮಲ್ಲೇನು ಕಡಿಮೆಯಿಲ್ಲ. ಭಾರತದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಆರು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ನೆರೆಹೊರೆಯ ಶಾಂತಿ ಕೆಡಿಸುವ ಜಗಳಗಳಿಗೆಂದೇ ಒಂದು ಅಧ್ಯಾಯವಿದೆ. ಊರ ಹಿರಿಯರು ಅರಳಿಕಟ್ಟೆಯ ಮೇಲೆ ಮಾಡುತ್ತಿದ್ದುದನ್ನೇ ಪುಸ್ತಕದಲ್ಲಿ ಬರೆದ ಹಾಗೆ.

ಮಕ್ಕಳ ಮನೆಗೆ ಹೊರಟ ಹಿರಿಯರಿಗೆ

ನನ್ನ ಹಾಗೆ ಹೊರಟವರಿಗೆ ನಾಲ್ಕು ಮಾತು. ಹೋದ ಮೊದಲ ದಿನವೇ ಅಲ್ಲಿನ ಮೌನದ ಹೊತ್ತು ಯಾವುದೆಂದು ಕೇಳಿಕೊಳ್ಳಿ. ಊರಿಗೆ ಫೋನು ಮಾಡುವಾಗ ಅಲ್ಲಿನ ಗಡಿಯಾರ ನೋಡಿ. ಎರಡನೆಯ ದಿನ ಮೇಲಿನ, ಕೆಳಗಿನ, ಪಕ್ಕದ ಮನೆಯವರಿಗೆ ಮುಖ ತೋರಿಸಿ ಒಂದು ನಮಸ್ಕಾರ ಹೇಳಿ. ಮುಖ ಕಂಡ ಮೇಲೆ ಸದ್ದು ಅರ್ಧ ಕಡಿಮೆ ಕೇಳಿಸುತ್ತದೆ. ಮಕ್ಕಳು ನೆರೆಯವರನ್ನು ಬೈಯುವಾಗ ತಾಳ ಹಾಕಬೇಡಿ. ನಾವು ಎರಡು ತಿಂಗಳಿಗೆ ಹೊರಟುಬಿಡುತ್ತೇವೆ, ಅವರು ಅಲ್ಲೇ ಬಾಳಬೇಕು. ಸೇಡಿಗೆ ಸದ್ದು ಮಾಡುವುದಂತೂ ಬೇಡವೇ ಬೇಡ. ಬೆದರಿಕೆ, ಹೊಡೆತದವರೆಗೆ ಹೋದರೆ ಮಾತುಕತೆಗೆ ಕಾಯದೆ ಪೊಲೀಸರಿಗೆ ಹೇಳಬೇಕು.

ಊರಿಗೆ ಬಂದು ಹದಿನೈದು ದಿನವಾಗಿತ್ತು. ಮೊಮ್ಮಗ ಫೋನಿನಲ್ಲಿ ಕೇಳಿದ, "ತಾತ, ನೀನು ನಿನ್ನ ತೋಟದ ಪಕ್ಕದವರ ಬಾಗಿಲು ತಟ್ಟಿದೆಯಾ?"

ಮರದ ವಿಷಯ ಅವನಿಗೆ ಹೇಳಿದವಳು ನನ್ನಾಕೆಯೇ ಇರಬೇಕು. ನಾನು ಏನೂ ಹೇಳಲಾಗದೆ, "ನಾಳೆ ಹೋಗ್ತೀನಿ ಮರಿ" ಎಂದೆ. ಮಗುವಿಗೆ ಕೊಟ್ಟ ಮಾತು. ಮರುದಿನ ಬೆಳಿಗ್ಗೆ ಬದು ದಾಟಿದೆ. ಆತ ಡ್ರಿಪ್ ಪೈಪು ಸರಿಮಾಡುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು, "ಆ ವಾಲಿದ ಮರದ ಒಣಗರಿಯನ್ನು ನಾನೇ ಆಳು ಕರೆಸಿ ತೆಗೆಸುತ್ತೇನೆ. ನಿನ್ನ ಕಡೆ ಬಿದ್ದ ಕಾಯಿ ನಿನ್ನದು" ಎಂದೆ.

ಆತ ಸರಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೈ ಒರೆಸಿಕೊಂಡು ಮನೆಯ ಕಡೆ ತಿರುಗಿ ಕೂಗಿದ, "ಎರಡು ಲೋಟ ಟೀ ಇಡೇ."